‘ಕಾಕ್ಸ್ ಆ್ಯಂಡ್ ಬಾಕ್ಸ್’ ನಾಟಕವನ್ನು ಕ್ಯಾಮೆರಾದಲ್ಲಿ ಹಿಡಿದ ಅನುಭವ

ಇಂಗ್ಲೆಂಡಿನಲ್ಲಿ ಸಂಗೀತ ರಚನೆಕಾರ ಆರ್ಥರ್ ಸಲಿವನ್ ಅಂದರೆ ನಾಟಕಕಾರ ಗಿಲ್ಬರ್ಟ್ ಹೆಸರೂ ಜೊತೆಗೇ ಬರುತ್ತದೆ. ಇವರಿಬ್ಬರೂ ಮೊದಲ ಸಲ ಒಟ್ಟಿಗೆ ಕೆಲಸ ಮಾಡಿದ್ದು 1871ರಲ್ಲಿ. ಅದಕ್ಕೂ ಐದು ವರ್ಷ ಮುಂಚೆ ಸಲಿವನ್ ಒಂದು ಪುಟ್ಟ ಹಾಸ್ಯ ಸಂಗೀತ ನಾಟಕಕ್ಕೆ ಸಂಗೀತ ಕೊಟ್ಟಿದ್ದರು. ಅದೇ ‘ಕಾಕ್ಸ್ ಆ್ಯಂಡ್ ಬಾಕ್ಸ್’. ಹಾಡು, ಮಾತು ಎಫ್. ಸಿ. ಬರ್ನಾಂಡ್ ಅವರದು. ಕಥೆ ಜಾನ್ ಮ್ಯಾಡಿಸನ್ ಮಾರ್ಟನ್ 1847ರಲ್ಲಿ ತಂದ ಪ್ರಹಸನದ್ದು. ಇಲ್ಲಿ ನಾನಿರುವ ಊರಿನ ಹವ್ಯಾಸಿ ತಂಡ ಇದನ್ನು ಆಡಲು ಹೊರಟಾಗ, ಚಿತ್ರೀಕರಣ ನಾನು ಮಾಡುತ್ತೇನೆ ಎಂದು ಮುಂದೆ ಬಂದೆ. ಇಷ್ಟು ಚೆಂದದ ನಾಟಕವನ್ನು ಬಹಳ ಜನ ನೋಡಿಯೇ ಇಲ್ಲ ಅನ್ನೋದು ನನ್ನ ಮನಸ್ಸಿನಲ್ಲಿತ್ತು.

ಕಥೆ ಸರಳ. ಸಾರ್ಜೆಂಟ್ ಬೌನ್ಸರ್ ತನ್ನ ಮನೆಯ ಒಂದೇ ಕೋಣೆಯನ್ನು ಇಬ್ಬರಿಗೆ ಬಾಡಿಗೆಗೆ ಕೊಟ್ಟಿದ್ದಾನೆ. ಬಾಕ್ಸ್ ಅಚ್ಚು ಹಾಕುವ ಪ್ರೆಸ್ಸಿನವನು, ಅವನಿಗೆ ರಾತ್ರಿ ಕೆಲಸ. ಕಾಕ್ಸ್ ಟೋಪಿ ಮಾಡುವವನು, ಅವನಿಗೆ ಹಗಲು ಕೆಲಸ. ಒಬ್ಬ ಎದ್ದು ಹೋದ ಹಾಸಿಗೆಯಲ್ಲಿ ಇನ್ನೊಬ್ಬ ಮಲಗುತ್ತಾನೆ, ಇಬ್ಬರಿಗೂ ಅದು ಗೊತ್ತಿಲ್ಲ. ಒಂದು ದಿನ ಕಾಕ್ಸ್‌ಗೆ ರಜೆ ಸಿಗುತ್ತದೆ. ಅಲ್ಲಿಂದ ಗಲಾಟೆ ಶುರು.

ಪಾತ್ರ ಮೂರೇ, ಮೂರೂ ಗಂಡಸರು. ಮಾರ್ಟನ್ ಪ್ರಹಸನದಲ್ಲಿ ಮನೆಯೊಡತಿ ಮಿಸೆಸ್ ಬೌನ್ಸರ್ ಇದ್ದಳು. 1866ರಲ್ಲಿ ಇದನ್ನು ಆಡಿದ್ದು ಗೆಳೆಯರ ಖಾಸಗಿ ಕೂಟದಲ್ಲಿ, ನಟರೆಲ್ಲ ಗಂಡಸರೇ. ಹಾಗಾಗಿ ಆಕೆಯ ಜಾಗಕ್ಕೆ ಸಾರ್ಜೆಂಟ್ ಬಂದ. ಅವತ್ತು ಪಿಯಾನೊ ನುಡಿಸಿದವರು ಸ್ವತಃ ಸಲಿವನ್. ವಾದ್ಯವೃಂದಕ್ಕೆ ಬರೆದದ್ದು ಆಮೇಲೆ, 1867ರಲ್ಲಿ ಲಂಡನ್ನಿನ ಅಡೆಲ್ಫಿ ಥಿಯೇಟರಿನಲ್ಲಿ ಸಹಾಯಾರ್ಥ ಪ್ರದರ್ಶನ ನಡೆದಾಗ. ಇದನ್ನು ಓದಿದ ಮೇಲೆ ಬರೀ ಪಿಯಾನೊ ಸಾಕು ಎಂದು ನಾವು ಧೈರ್ಯವಾಗಿ ನಿರ್ಧರಿಸಿದೆವು. ದೊಡ್ಡ ವಾದ್ಯವೃಂದ ಬೇಕಾಗಿಲ್ಲ, ಮೇಳದ ಹಾಡುಗಾರರೂ ಬೇಡ. ಸಣ್ಣ ತಂಡಕ್ಕೆ ಇದಕ್ಕಿಂತ ಒಳ್ಳೆ ನಾಟಕ ಸಿಗೋದು ಕಷ್ಟ.

ಇನ್ನು ಕ್ಯಾಮೆರಾ ವಿಷಯ. ನನ್ನ ಹತ್ತಿರ ಇದ್ದದ್ದು ಮೂರು ಕ್ಯಾಮೆರಾ. ಅದರಲ್ಲಿ ಮುಖ್ಯವಾದದ್ದು ಸಭಾಂಗಣದ ನಡುವೆ ಸ್ಟ್ಯಾಂಡ್ ಮೇಲೆ ಅಲುಗಾಡದೆ ನಿಂತ ಕ್ಯಾಮೆರಾ. ಇಡೀ ಕೋಣೆ ಅದರ ಚೌಕಟ್ಟಿನಲ್ಲಿ: ಬಾಗಿಲುಗಳು, ಕಿಟಕಿ, ಬೆಂಕಿಗೂಡು, ಪರದೆ ಕಟ್ಟಿದ ಮಂಚ. ಈ ನಾಟಕದ ನಗು ಮುಖದಲ್ಲಿಲ್ಲ, ಕೋಣೆಯಲ್ಲಿದೆ. ಬಾಕ್ಸ್ ಬೆಂಕಿಯ ಮೇಲೆ ಜಾಲರಿಯಲ್ಲಿ ಬೇಕನ್ (ಉಪ್ಪು ಹಾಕಿದ ಹಂದಿ ಮಾಂಸ) ಇಟ್ಟು ಮಂಚದ ಪರದೆ ಎಳೆದು ಮಲಗುತ್ತಾನೆ. ಕಾಕ್ಸ್ ಬಂದು ಆ ಬೇಕನ್ ತೆಗೆದು ಮೇಜಿನ ಮೇಲಿಡುತ್ತಾನೆ, ತನ್ನ ಮಾಂಸದ ತುಂಡನ್ನು ಬೆಂಕಿಗೆ ಹಾಕಿ ಒಳಗೆ ಹೋಗುತ್ತಾನೆ. ಬಾಗಿಲು ಬಡಿದ ಸದ್ದಿಗೆ ಬಾಕ್ಸ್ ಏಳುತ್ತಾನೆ, ಆ ತುಂಡನ್ನು ಕಿಟಕಿಯಿಂದ ಎಸೆಯುತ್ತಾನೆ, ಬೇಕನ್ ವಾಪಸ್ ಬೆಂಕಿಗೆ ಇಟ್ಟು ಹೊರಗೆ ಹೋಗುತ್ತಾನೆ. ಕಾಕ್ಸ್ ಬಂದು ಬೇಕನ್ ಎಸೆಯುತ್ತಾನೆ. ಇಲ್ಲಿ ಬಾಕ್ಸ್ ಮುಖವನ್ನು ಹತ್ತಿರದಿಂದ ತೋರಿಸಿದರೆ, ಅತ್ತ ತೆರೆಯುತ್ತಿರುವ ಬಾಗಿಲು ಕಾಣುವುದೇ ಇಲ್ಲ. ನೋಡುವವರಿಗೆ ಎರಡೂ ಕಡೆ ಒಟ್ಟಿಗೆ ಕಾಣಬೇಕು, ಪಾತ್ರಗಳಿಗೆ ಮಾತ್ರ ಕಾಣಬಾರದು. ಅದಕ್ಕೇ ಈ ಇಡೀ ದೃಶ್ಯವನ್ನು ನಾನು ಒಂದೇ ಕ್ಯಾಮೆರಾದಲ್ಲಿ ಬಿಟ್ಟೆ.

ಕಿಟಕಿಯ ಹಿಂದೆ ಒಬ್ಬರು ದಪ್ಪ ಕಂಬಳಿ ಹಿಡಿದು ನಿಂತಿರುತ್ತಿದ್ದರು. ಎಸೆದದ್ದು ಹಲಗೆಯ ಮೇಲೆ ದೊಪ್ಪನೆ ಬಿದ್ದರೆ ಮೈಕಿಗೆ ಕೇಳುತ್ತದಲ್ವಾ? ಬೆಂಕಿ ನಿಜವಾದದ್ದಲ್ಲ, ಕಿತ್ತಳೆ ಬಣ್ಣದ ಸಣ್ಣ ಬಲ್ಬುಗಳು. ಬೇಕನ್ ಮಾತ್ರ ನಿಜವಾದದ್ದೇ, ಮನೆಯಲ್ಲಿ ಬೇಯಿಸಿ ತಂದದ್ದು.

ಆ ಬೇಕನ್‌ಗೆ ಬಾಕ್ಸ್ ಒಂದು ಜೋಗುಳ ಹಾಡುತ್ತಾನೆ. ಇಡೀ ನಾಟಕದಲ್ಲಿ ನನಗೆ ಜಾಸ್ತಿ ಇಷ್ಟವಾದದ್ದು ಇದೇ. ಸಲಿವನ್ ಇಲ್ಲಿ ತಮಾಷೆಯ ಸಂಗೀತ ಹಾಕಿಲ್ಲ. ಮಗುವನ್ನು ಮಲಗಿಸುವಂಥ ನಿಜವಾದ, ಮೆತ್ತನೆ ಜೋಗುಳವನ್ನೇ ಹಾಕಿದ್ದಾರೆ. ನಗು ಬರುವುದು ಅದಕ್ಕೇ. ನಮ್ಮ ಗಾಯಕರು ತಾಲೀಮಿನ ಮೊದಲ ದಿನಗಳಲ್ಲಿ ಹುಬ್ಬು ಹಾರಿಸುತ್ತಾ ಹಾಡುತ್ತಿದ್ದರು. ಆಮೇಲೆ ನಿರ್ದೇಶಕಿ ಅವರನ್ನು ಜಾಲರಿಯ ಪಕ್ಕ ಮಂಡಿಯೂರಿಸಿ, ದನಿ ತಗ್ಗಿಸಿ ಸುಮ್ನೆ ಹಾಡಿ ಅಂದರು. ಸಭಾಂಗಣದಲ್ಲಿ ಹಾಡಿನ ಮೊದಲ ಸಾಲಿಗೇ ನಗು ಬಂತು. ಎರಡನೇ ಸಾಲಿಗೆ ಜನ ನಗು ತಡೆದುಕೊಂಡು ಕೇಳತೊಡಗಿದರು. ಇದನ್ನು ಪಕ್ಕದ ಕ್ಯಾಮೆರಾದಿಂದ, ಅವರ ಮುಖ ಮತ್ತು ಜಾಲರಿ ಎರಡೂ ಕಾಣುವಂತೆ ಹಿಡಿದೆ. ಹಾಡು ಮುಗಿಯುವವರೆಗೂ ಎಲ್ಲೂ ಕತ್ತರಿ ಹಾಕಲಿಲ್ಲ.

ಹತ್ತಿರದ ಶಾಟ್ ಬೇಕೇ ಬೇಕು ಅನ್ನುವ ಜಾಗವೂ ಒಂದಿದೆ. ಇಬ್ಬರಿಗೂ ಬೇಡವಾದ ಪೆನೆಲೊಪಿ ಆ್ಯನ್ ಎಂಬ ವಿಧವೆಯನ್ನು ಯಾರು ಮದುವೆಯಾಗಬೇಕು ಅನ್ನುವುದಕ್ಕೆ ಇಬ್ಬರೂ ದಾಳ ಹಾಕುತ್ತಾರೆ. ಇಬ್ಬರ ದಾಳವೂ ಮೋಸದ್ದು, ಪ್ರತಿ ಸಲ ಆರೇ ಬೀಳುತ್ತದೆ. ರಂಗದ ಮೇಲೆ ದಾಳ ಯಾರಿಗೂ ಕಾಣಲ್ಲ, ನಟರು ಕೂಗಿದ್ದನ್ನು ನಂಬಬೇಕು ಅಷ್ಟೇ. ಮಾರನೇ ದಿನ ಪ್ರೇಕ್ಷಕರಿಲ್ಲದ ಸಭಾಂಗಣದಲ್ಲಿ ಮೇಜಿನ ಮೇಲಿಂದ ದಾಳವನ್ನಷ್ಟೇ ಬೇರೆಯಾಗಿ ಹಿಡಿದು, ಆ ಹಾಡಿನ ತಾಳಕ್ಕೆ ಕೂಡಿಸಿದೆ. ಉಳಿದದ್ದೆಲ್ಲ ಪ್ರೇಕ್ಷಕರ ಎದುರು ಹಿಡಿದದ್ದೇ. ಜನ ನಗುವಾಗ ನಟರು ಮುಂದಿನ ಮಾತಿಗೆ ಎಷ್ಟು ಹೊತ್ತು ಕಾಯಬೇಕು ಅನ್ನೋದು ಖಾಲಿ ಕುರ್ಚಿಗಳ ಮುಂದೆ ಬರುವುದಿಲ್ಲ.

ತಲೆ ಕೆಡಿಸಿದ್ದು ಧ್ವನಿ. ಹಾಡುವಾಗ ದನಿ ಏರುತ್ತದೆ, ಮಾತಿಗೆ ಇಳಿಯುತ್ತದೆ, ಪಿಯಾನೊ ಮಧ್ಯೆ ನುಗ್ಗುತ್ತದೆ. ಪಿಯಾನೊಗೆ ಎರಡು ಮೈಕ್, ಪ್ರತಿ ನಟನಿಗೆ ಒಂದೊಂದು ಸಣ್ಣ ಮೈಕ್, ಎಲ್ಲವೂ ಬೇರೆ ಬೇರೆ ಟ್ರ್ಯಾಕಿಗೆ. ನಾಟಕದಲ್ಲಿ ಸಾಮಾನ್ಯವಾಗಿ ಮೈಕನ್ನು ಹಣೆಯ ಮೇಲೆ ಕೂದಲ ಅಂಚಿಗೆ ಅಂಟಿಸುತ್ತಾರೆ. ಕಾಕ್ಸ್‌ಗೆ ಅದು ಆಗಲ್ಲ. ನಾಟಕ ಶುರುವಾಗುವುದೇ ಅವನು ಕನ್ನಡಿ ಮುಂದೆ ಟೋಪಿ ಹಾಕಿ ನೋಡುವುದರಿಂದ. ಕೂದಲು ಕತ್ತರಿಸಿದವನು ಜಾಸ್ತಿ ಕತ್ತರಿಸಿಬಿಟ್ಟಿದ್ದಾನೆ, ಯಾವ ಟೋಪಿಯೂ ಕೂರುವುದಿಲ್ಲ. ಟೋಪಿಯ ಅಂಚು ಮೈಕಿಗೆ ಉಜ್ಜಿದರೆ ಕರಕರ ಸದ್ದು. ಅದಕ್ಕೆ ಕಿವಿಯ ಮುಂದೆ, ಕೆನ್ನೆಯ ಮೇಲೆ, ಚರ್ಮದ ಬಣ್ಣದ ಟೇಪಿನಲ್ಲಿ ಅಂಟಿಸಿದೆವು.

ಬೆಳಕಿಗೆ ಬಂದರೆ, ಇಲ್ಲಿನ ಕರೆಂಟು ನಮ್ಮಲ್ಲಿಯ ಹಾಗೇ 50 ಹರ್ಟ್ಸ್. ಸೆಕೆಂಡಿಗೆ 25 ಫ್ರೇಮ್, ಶಟರ್ ಐವತ್ತನೇ ಒಂದು ಸೆಕೆಂಡ್ ಇಟ್ಟರೆ ದೀಪ ಮಿನುಗುವ ತೊಂದರೆ ಬಹುತೇಕ ಬರುವುದಿಲ್ಲ. ಎಲ್‌ಇಡಿ ದೀಪಗಳನ್ನು ಮಾತ್ರ ತಾಲೀಮಿನಲ್ಲೇ ಮಂದ ಮಾಡಿ ನೋಡಿಕೊಳ್ಳಿ. ಫೋಕಸ್, ಬಣ್ಣ, ಬೆಳಕು ಯಾವುದನ್ನೂ ಆಟೊದಲ್ಲಿ ಬಿಡಬೇಡಿ.

ಹಕ್ಕುಗಳ ಬಗ್ಗೆ ಕೇಳುವವರಿದ್ದಾರೆ. ಬ್ರಿಟನ್ನಿನಲ್ಲಿ ಲೇಖಕ ತೀರಿಕೊಂಡ ಮೇಲೆ 70 ವರ್ಷ ಹಕ್ಕು ಇರುತ್ತದೆ. ಮಾರ್ಟನ್ ತೀರಿಕೊಂಡದ್ದು 1891ರಲ್ಲಿ, ಸಲಿವನ್ 1900ರಲ್ಲಿ, ಬರ್ನಾಂಡ್ 1917ರಲ್ಲಿ. ಹಾಗಾಗಿ ಮೂಲ ಕೃತಿಯನ್ನು ಯಾರು ಬೇಕಾದರೂ ಆಡಬಹುದು. ಆದರೆ ಈಚೆಗೆ ಯಾರಾದರೂ ತಿದ್ದಿ ಅಚ್ಚು ಹಾಕಿದ ಸ್ವರಲಿಪಿಗೆ ಬೇರೆ ಹಕ್ಕು ಇರಬಹುದು. 1921ರಲ್ಲಿ, ಗಿಲ್ಬರ್ಟ್–ಸಲಿವನ್ ನಾಟಕಗಳನ್ನು ಆಡುತ್ತಿದ್ದ ಡಾಯ್ಲಿ ಕಾರ್ಟ್ ಕಂಪನಿ ಇದನ್ನು ಅರ್ಧ ಗಂಟೆಯಷ್ಟಕ್ಕೆ ಇಳಿಸಿತು. ಆಮೇಲೆ ಹೆಚ್ಚಾಗಿ ಆಡಿದ್ದು ಅದನ್ನೇ. ನಾವು ಹಳೆಯ ಪೂರ್ತಿ ಸ್ವರಲಿಪಿಯನ್ನೇ ಹಿಡಿದೆವು. ಹಕ್ಕಿನ ಚಿಂತೆ ತಪ್ಪಿತು, ಜೊತೆಗೆ ಪೂರ್ತಿ ಸಂಗೀತವೂ ಸಿಕ್ಕಿತು. ನಟರು, ಪಿಯಾನೊದವರು, ಸಭಾಂಗಣದವರು, ಎಲ್ಲರಿಂದಲೂ ಚಿತ್ರೀಕರಣಕ್ಕೆ ಒಪ್ಪಿಗೆಯನ್ನು ಮೊದಲೇ ಬರೆಸಿಕೊಂಡೆ.

ಸಬ್‌ಟೈಟಲ್ ನಾನೇ ಹಾಕಿದೆ. ಇಂಗ್ಲಿಷ್ ಬಲ್ಲವರಿಗೂ ಆ ಕಾಲದ ವೇಗದ ಹಾಡು ಒಂದೇ ಸಲಕ್ಕೆ ಹಿಡಿಯುವುದಿಲ್ಲ. ನಗುವ ಸಾಲನ್ನು ನಟ ಹೇಳುವ ಮೊದಲೇ ಪರದೆಯ ಮೇಲೆ ತೋರಿಸಬಾರದು, ಇದೊಂದನ್ನು ಕಟ್ಟುನಿಟ್ಟಾಗಿ ನೋಡಿಕೊಂಡೆ. ಕೊನೆಯಲ್ಲಿ ಬಾಕ್ಸ್ ಕೇಳುತ್ತಾನೆ, ನಿನ್ನ ಎಡಗೈ ಮೇಲೆ ಸ್ಟ್ರಾಬೆರಿ ಮಚ್ಚೆ ಇದೆಯಾ ಅಂತ. ಕಾಕ್ಸ್ ಇಲ್ಲ ಅನ್ನುತ್ತಾನೆ. ಹಾಗಾದರೆ ನೀನೇ ನನ್ನ ಕಳೆದುಹೋದ ತಮ್ಮ ಎಂದು ಬಾಕ್ಸ್ ಅಪ್ಪಿಕೊಳ್ಳುತ್ತಾನೆ. ಆ ‘ಇಲ್ಲ’ಕ್ಕೂ ಬಾಕ್ಸ್ ಮಾತಿಗೂ ನಡುವೆ ಪರದೆಯ ಮೇಲೆ ಒಂದು ಅಕ್ಷರವೂ ಇಲ್ಲ. ಅಲ್ಲಿ ನಟನ ಮೌನ ಎಷ್ಟು ಹೊತ್ತಿತ್ತೋ ಅಷ್ಟನ್ನೂ ಹಾಗೇ ಉಳಿಸಿದ್ದೇನೆ.