ಸೊಳ್ಳೆಯ ಎದೆಯೊಳಗೆ ಕಪ್ಪಾದ ಹುಳಗಳು: ನನ್ನ ಅನುಭವ

ಕೊನೆಗೂ ಕೆಲಸ ಆಯಿತು. ಅರ್ಮಿಜೆರಿಸ್ ಸಬಾಲ್ಬೇಟಸ್ ಸೊಳ್ಳೆಯ ಎದೆಗೆ ನಾಯಿಯ ಹೃದಯಹುಳದ ಮೈಕ್ರೋಫೈಲೇರಿಯಾ (ರಕ್ತದಲ್ಲಿ ಓಡಾಡುವ ಮರಿಹುಳ) ಚುಚ್ಚಿ, ಮಾರನೇ ದಿನ ಬಿಡಿಸಿ ನೋಡಿದರೆ ಹುಳಗಳ ಮೈಗೆಲ್ಲ ಕಪ್ಪು ಕವಚ ಕೂತಿತ್ತು. ಮೈಕ್ರೋಇಂಜೆಕ್ಟರ್ ಇಲ್ಲದೆ, ಸೂಜಿ ಎಳೆಯುವ ಮೆಷಿನ್ ಇಲ್ಲದೆ ಇದು ಆಗುವ ಮಾತೇ ಅಲ್ಲ ಅಂತ ನಮ್ಮಲ್ಲಿ ಬಹಳ ಜನ ಹೇಳಿದ್ದರು. ಈಗ ಯಾವ ವಾರ ಮಾಡಿದರೂ ಆಗುತ್ತದೆ. ಸೊಳ್ಳೆ ಸಾಕಿ, ಡಿಸೆಕ್ಷನ್ ಮಾಡಿ ಕೈ ಪಳಗಿದವರಿಗಾಗಿ ಬರೆಯುತ್ತಿದ್ದೇನೆ, ಹಾಗಾಗಿ ಮೊದಲ ಪಾಠದಿಂದ ಶುರು ಮಾಡುವುದಿಲ್ಲ.

ನಾನು ದಾವಣಗೆರೆ ಕಡೆಯವನು, ಕೆಲಸ ಗುವಾಹಟಿಯಲ್ಲಿ. ಇಲ್ಲಿನ ನಾಯಿಗಳಲ್ಲಿ ಡೈರೋಫೈಲೇರಿಯಾ ಇಮಿಟಿಸ್, ಅಂದರೆ ಆ ಹೃದಯಹುಳ, ಸಿಗುತ್ತದೆ, ನಮ್ಮ ದಕ್ಷಿಣದಲ್ಲಿ ಕಾಣುವುದು ಹೆಚ್ಚಾಗಿ ಚರ್ಮದಡಿ ಇರುವ ಅದರ ಬಂಧು ರಿಪೆನ್ಸ್. ಅರ್ಮಿಜೆರಿಸ್ ಅಂತೂ ಇಲ್ಲಿ ಹುಡುಕಬೇಕಾಗಿಯೇ ಇಲ್ಲ. ಸೆಪ್ಟಿಕ್ ಟ್ಯಾಂಕಿನ ಕೊಳಕು ನೀರು ಎಲ್ಲಿದೆಯೋ ಅಲ್ಲಿ ಆ ದೊಡ್ಡ ಸೊಳ್ಳೆ, ಬಾಗಿದ ಸೊಂಡಿಲು, ಸಂಜೆ ಹೊತ್ತಿಗೆ ಕಾಲಿಗೆ ಮುತ್ತುತ್ತದೆ.

ಅನುಮಾನ ಎಲ್ಲಿಂದ ಬಂತು ಅಂದರೆ, ನಮಗಿಂತ ಮುಂಚೆ ಇಲ್ಲಿ ಕೆಲವರು ಸೊಳ್ಳೆಗಳಿಗೆ ಹುಳ ಇರುವ ರಕ್ತ ಕುಡಿಸಿ ನೋಡಿದ್ದರು. ಒಂದೂ ಕಪ್ಪು ಹುಳ ಸಿಗಲಿಲ್ಲ. ಅದಕ್ಕೇ ಸೊಳ್ಳೆ ಈ ಹುಳಕ್ಕೆ ಏನೂ ಮಾಡುವುದಿಲ್ಲ ಅಂತ ತೀರ್ಮಾನ ಮಾಡಿಬಿಟ್ಟಿದ್ದರು. ಆದರೆ ಇಮಿಟಿಸ್ ದಾರಿಯೇ ಬೇರೆ ಅಲ್ವಾ. ರಕ್ತದ ಜೊತೆ ಕರುಳಿಗೆ ಬಂದ ಮರಿ ಸುಮಾರು ಒಂದು ದಿನದಲ್ಲಿ ಮಾಲ್ಪಿಘಿಯನ್ ನಳಿಕೆಗಳಿಗೆ (ಸೊಳ್ಳೆಯ ಮೂತ್ರಪಿಂಡ ಇದ್ದ ಹಾಗೆ) ಹೋಗಿ ಅಲ್ಲಿನ ಜೀವಕೋಶಗಳ ಒಳಗೇ ಕೂರುತ್ತದೆ. ಸೊಳ್ಳೆಯ ರಕ್ತದಂಥ ದ್ರವವಾದ ಹೀಮೋಲಿಂಫಿನ ಕಣ್ಣಿಗೇ ಬೀಳುವುದಿಲ್ಲ. ಅದೇ ಮರಿಯನ್ನು ನೇರ ಹೀಮೋಲಿಂಫಿಗೆ ಬಿಟ್ಟರೆ ಕಥೆ ಬೇರೆ, ಸೊಳ್ಳೆಯ ರಕ್ಷಣಾ ಕಿಣ್ವ ಫಿನಾಲ್‌ಆಕ್ಸಿಡೇಸ್ ಕೆಲಸ ಶುರು ಮಾಡುತ್ತದೆ, ಟೈರೋಸಿನ್ ಅನ್ನುವ ಅಮೈನೋ ಆಮ್ಲ ಕಪ್ಪು ಮೆಲನಿನ್ ಆಗಿ ಹುಳದ ಸುತ್ತ ಗಟ್ಟಿಯಾಗುತ್ತದೆ. ಸೊಳ್ಳೆ ಸಂಶೋಧಕ ಬ್ರೂಸ್ ಕ್ರಿಸ್ಟೆನ್ಸನ್ ತಂಡ ಈಡಿಸ್ ಸೊಳ್ಳೆಗಳಲ್ಲಿ 1980ರ ದಶಕದಲ್ಲೇ ಇದನ್ನು ತೋರಿಸಿದೆ. ಅಂದರೆ ಕುಡಿಸುವುದಲ್ಲ, ಚುಚ್ಚಬೇಕು. ನಾನು ಹಟ ಹಿಡಿದಿದ್ದು ಇದೊಂದೇ ಮಾತಿಗೆ.

ಮೊದಲ ತೊಂದರೆ ಸೂಜಿ. ಸೂಜಿ ಎಳೆಯುವ ಹೊಸ ಪುಲ್ಲರ್ ಅಂದರೆ ಲಕ್ಷಗಳ ಮಾತು, ನಮ್ಮ ವರ್ಷದ ಹಣವೇ ಅಷ್ಟಿಲ್ಲ. ಸ್ಪಿರಿಟ್ ಲ್ಯಾಂಪಿನಲ್ಲಿ ಎಳೆದ ಕ್ಯಾಪಿಲರಿಗಳಲ್ಲಿ (ಸಣ್ಣ ಗಾಜಿನ ನಳಿಕೆಗಳಲ್ಲಿ) ಹತ್ತಕ್ಕೆ ಒಂದು ಸರಿ ಬಂದರೆ ಹೆಚ್ಚು. ತುದಿ ದೊಡ್ಡದಾದರೆ ಗಾಯದಿಂದ ಹೀಮೋಲಿಂಫ್ ಸೋರಿ ಸೊಳ್ಳೆ ಸಾಯುತ್ತದೆ, ಸಣ್ಣದಾದರೆ ಹುಳ ಅಡ್ಡ ಸಿಕ್ಕಿಕೊಂಡು ಏನೂ ಹೊರಗೆ ಬರುವುದಿಲ್ಲ. ಕೊನೆಗೆ ಎಲೆಕ್ಟ್ರಿಕ್ ಒಲೆಯ ನೈಕ್ರೋಮ್ ಕಾಯಿಲನ್ನು ಮೂರು ಸುತ್ತು ಕತ್ತರಿಸಿ, ಹಳೆಯ ಟ್ರಾನ್ಸ್‌ಫಾರ್ಮರ್ ಹಾಕಿ, ಸ್ಟ್ಯಾಂಡಿಗೆ ನೆಟ್ಟಗೆ ಕಟ್ಟಿ, ಕ್ಯಾಪಿಲರಿಯ ಕೆಳತುದಿಗೆ ಮೀನಿನ ಗಾಳದ ಸೀಸದ ಗುಂಡು ತೂಗಿಬಿಟ್ಟೆ. ಕಾಯಿಲ್ ಕೆಂಪಾದಾಗ ಗಾಜು ತಾನೇ ಎಳೆದುಕೊಂಡು ಕೆಳಗೆ ಬೀಳುತ್ತದೆ. ಎಲ್ಲಾ ಸೇರಿ ಎರಡು ಸಾವಿರದ ಒಳಗೆ ಮುಗಿಯಿತು. ಗುಂಡಿನ ತೂಕ ಎಷ್ಟು ಅಂತ ಕೇಳಬೇಡಿ, ಅದು ನಿಮ್ಮ ಕಾಯಿಲಿನ ಮೇಲೆ ಹೋಗುತ್ತದೆ, ಒಂದು ಮಧ್ಯಾಹ್ನ ಕೂತರೆ ನಿಮಗೇ ಸಿಗುತ್ತದೆ. ಊದಲು 1 ಎಂಎಲ್ ಸಿರಿಂಜು, ಅದಕ್ಕೆ ಡ್ರಿಪ್ ಸೆಟ್ಟಿನ ನಳಿಕೆ. ಬಾಯಿಂದ ಊದುವ ಹಳೇ ಅಭ್ಯಾಸ ದಯವಿಟ್ಟು ಬಿಡಿ.

ನಿಜವಾದ ಖರ್ಚು ಫಿಲ್ಟರಿಗೆ. 5 ಮೈಕ್ರಾನಿನ ಪಾಲಿಕಾರ್ಬೊನೇಟ್ ಫಿಲ್ಟರಿನ ಡಬ್ಬಿಗೆ ಒಂಬತ್ತೋ ಹತ್ತೋ ಸಾವಿರ ಆಯಿತು. ಪಶು ಆಸ್ಪತ್ರೆಯಲ್ಲಿ ಪರೀಕ್ಷೆಗೆ ತೆಗೆದು ಉಳಿದ ಇಡಿಟಿಎ ರಕ್ತ (ಹೆಪ್ಪುಗಟ್ಟದಂತೆ ಇಡಿಟಿಎ ಬೆರೆಸಿದ್ದು), ನಾಯಿ ಸಾಕಿದವರ ಒಪ್ಪಿಗೆ ಮೇಲೆ ನಮಗೆ ಬರುತ್ತಿತ್ತು. ಸಲೈನಿನಲ್ಲಿ ತೆಳು ಮಾಡಿ ಫಿಲ್ಟರಿನಲ್ಲಿ ಹಾಯಿಸಿ, ಫಿಲ್ಟರನ್ನು ಬೆಚ್ಚಗಿನ ಸಲೈನಿಗೆ ಮಗುಚಿ ಇಟ್ಟರೆ ಹುಳಗಳು ತಾವೇ ಈಜಿಕೊಂಡು ಬರುತ್ತವೆ. ರಕ್ತ ಫ್ರಿಜ್ಜಿನಲ್ಲಿ ಕೆಲವು ದಿನ ಚೆನ್ನಾಗಿರುತ್ತದೆ, ಆದರೂ ನಾನು ಎರಡನೇ ದಿನ ದಾಟಿಸುವುದಿಲ್ಲ. ಸೋಂಬೇರಿ ಹುಳ ಚುಚ್ಚಿದರೆ ಫಲಿತಾಂಶ ಯಾರದು ಅಂತ ಹೇಳುವುದು ಕಷ್ಟ. ಸೊಳ್ಳೆ ಕೊಂದಿತೋ, ಮೊದಲೇ ಸಾಯುತ್ತಿತ್ತೋ?

ಸುರುವಿನ ಬ್ಯಾಚುಗಳಲ್ಲಿ ಬೆಳಗಾಗುವಷ್ಟರಲ್ಲಿ ಅರ್ಧಕ್ಕೂ ಜಾಸ್ತಿ ಸೊಳ್ಳೆಗಳು ಸತ್ತಿದ್ದವು. ಹುಳದಿಂದ ಅಲ್ಲ, ಬರೀ ಸಲೈನ್ ಚುಚ್ಚಿದವೂ ಅಷ್ಟೇ ಸತ್ತಿದ್ದವು. ದ್ರವ ಅರ್ಧ ಮೈಕ್ರೋಲೀಟರ್ ದಾಟಬಾರದು. ಐಸ್ ಮೇಲೆ ಎರಡು ಮೂರು ನಿಮಿಷಕ್ಕಿಂತ ಜಾಸ್ತಿ ಇಡಬಾರದು. ಸಲೈನ್ ಆವತ್ತಿನದೇ ಆಗಿರಬೇಕು. ಇಷ್ಟು ಕಟ್ಟುನಿಟ್ಟು ಮಾಡಿದ ಮೇಲೆ ಹತ್ತಕ್ಕೆ ಎಂಟು ಉಳಿಯತೊಡಗಿದವು. ಎದೆಯ ಪಕ್ಕದ ಮೆದು ಚರ್ಮದಲ್ಲಿ ಚುಚ್ಚುತ್ತೇನೆ. ಯಾವ ಕೋನದಲ್ಲಿ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ, ಬಂದು ಕೂತು ನೋಡಿದರೆ ತೋರಿಸುತ್ತೇನೆ.

ಇನ್ನೊಂದು ತಲೆನೋವು, ಹುಳಗಳು ಸೂಜಿಯೊಳಗೆ ಗಂಟು ಕಟ್ಟುತ್ತವೆ. ಒಂದು ಸೊಳ್ಳೆಗೆ ನಲವತ್ತು ಹೋದರೆ ಮುಂದಿನದಕ್ಕೆ ಸೊನ್ನೆ. ಪಕ್ಕದಿಂದ ಬೆಳಕು ಬಿಟ್ಟರೆ ಗಾಜಿನೊಳಗೆ ಹುಳ ಹೊರಳುವುದು ಸ್ಟೀರಿಯೋ ಮೈಕ್ರೋಸ್ಕೋಪಿನಲ್ಲೇ ಕಾಣುತ್ತದೆ, ಹದಿನೈದು ಇಪ್ಪತ್ತು ಎಣಿಸಿಯೇ ಒತ್ತುತ್ತೇನೆ. ಗಂಟು ಬಿಡಿಸಲು ಸಲೈನಿಗೆ ಒಂದು ವಸ್ತು ಸೇರಿಸುತ್ತೇನೆ, ಅದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಂಡಿದ್ದೇನೆ.

24 ಗಂಟೆಗೆ ಬಿಡಿಸಿದಾಗ ಅರ್ಮಿಜೆರಿಸ್‌ನಲ್ಲಿ ಹತ್ತಕ್ಕೆ ಏಳೆಂಟು ಹುಳ ಕಪ್ಪಾಗಿದ್ದವು. ಎರಡನೇ ದಿನಕ್ಕೆ ಹೆಚ್ಚುಕಡಿಮೆ ಎಲ್ಲವೂ. ಕೆಲವು ಅರ್ಧ ಮೈ ಮಾತ್ರ ಕಪ್ಪು, ಬಾಲ ಇನ್ನೂ ಅಲ್ಲಾಡುತ್ತಿತ್ತು. ಅದನ್ನು ನೋಡುತ್ತಾ ಊಟ ಮರೆತಿದ್ದೆ. ಈಡಿಸ್ ಈಜಿಪ್ಟಿಯಲ್ಲಿ ಅದೇ ಹುಳ, ಅದೇ ಸೂಜಿ, ಆದರೆ ನಿಧಾನ, ಮೂರು ನಾಲ್ಕು ದಿನ ಕಾಯಬೇಕು. "ಅದು ಬರೀ ಗಾಯದ ಕಪ್ಪು" ಅಂದ ಹಿರಿಯರೊಬ್ಬರನ್ನು ಮೈಕ್ರೋಸ್ಕೋಪಿನ ಮುಂದೆ ಕೂರಿಸಿದೆ. ಬರೀ ಸಲೈನಿನ ಸೊಳ್ಳೆಯಲ್ಲಿ ಚುಚ್ಚಿದ ಜಾಗದಲ್ಲಿ ಒಂದೇ ಚುಕ್ಕೆ. ಹುಳದ ಸೊಳ್ಳೆಯಲ್ಲಿ ಗಾಯದಿಂದ ದೂರ, ಹೊಟ್ಟೆಯ ತುದಿಯಲ್ಲೂ ಒಂದೊಂದು ಹುಳಕ್ಕೂ ತಲೆಯಿಂದ ಬಾಲದವರೆಗೆ ಕವಚ. ಆಮೇಲೆ ಅವರು ಮಾತಾಡಲಿಲ್ಲ. ಒಂದು ಎಚ್ಚರ: ಹೀಮೋಲಿಂಫ್ ಗಾಳಿಗೆ ತಾಕಿದರೆ ಸ್ಲೈಡ್ ಮೇಲೇ ಕಪ್ಪಾಗುತ್ತದೆ. ತಡ ಮಾಡದೆ ಓದಿ, ಇಲ್ಲವೆಂದರೆ ಡಿಸೆಕ್ಷನ್ ಸಲೈನಿಗೆ ಈ ಕಪ್ಪಾಗುವುದನ್ನು ತಡೆಯುವ ಫಿನೈಲ್‌ಥಯೋಯೂರಿಯಾ ಹಾಕಿ, ಕೈಗವಸು ಹಾಕಿಕೊಂಡು, ಅದು ವಿಷ.

ಮಧ್ಯೆ ಬೇರೆ ಬೇರೆ ಆಟಗಳನ್ನೂ ಆಡಿದೆ. ರಕ್ತ ಸಿಗದ ವಾರಗಳಲ್ಲಿ ಹುಳದ ಬದಲು ಸಿಎಂ ಸೆಫಡೆಕ್ಸ್ ಅನ್ನುವ ಸಣ್ಣ ಜೆಲ್ ಮಣಿ ಚುಚ್ಚಿದೆ, ಅವೂ ಕಪ್ಪಾದವು, ಆದರೆ ಮಣಿಗೆ ಸೂಜಿಯ ತುದಿ ಅಗಲ ಬೇಕು. ಮೂರು ವಾರದ ಹಳೇ ಸೊಳ್ಳೆಗಳಲ್ಲಿ ಕಪ್ಪಾಗುವುದು ಎದ್ದು ಕಾಣುವಷ್ಟು ಕಡಿಮೆ, ಹಾಗಾಗಿ ಈಗ ನಾಲ್ಕೈದು ದಿನದವೇ ನನಗೆ ಬೇಕು. ಜುಲೈ ಸೆಕೆಯಲ್ಲಿ ಎಸಿ ಕೆಟ್ಟಾಗಲೂ ಎಣಿಕೆ ಇಳಿಯಿತು. ಮಲೇರಿಯಾ ಸೊಳ್ಳೆ ಅನಾಫಿಲಿಸ್ ಗ್ಯಾಂಬಿಯೆಗೆ ಮಣಿ ಚುಚ್ಚಿದವರೂ 24 ಡಿಗ್ರಿಗಿಂತ 30ರಲ್ಲಿ ಕಡಿಮೆ ಅಂತಲೇ ಕಂಡಿದ್ದಾರೆ. ಹುಳ ಚುಚ್ಚಿದ ಹೆಣ್ಣುಗಳಿಗೆ ರಕ್ತ ಕೊಟ್ಟು ಮೊಟ್ಟೆಗೆ ಬಿಟ್ಟಾಗ ಅವು ಒಂದೆರಡು ದಿನ ತಡ ಮಾಡಿದವು. ಮೊಟ್ಟೆಯ ಸಿಪ್ಪೆ ಕಪ್ಪಾಗಲೂ ಅದೇ ಟೈರೋಸಿನ್ ಬೇಕು, ಮನೆಯ ಒಂದೇ ಸಂಬಳದಲ್ಲಿ ಎರಡು ಖರ್ಚು ಬಂದ ಹಾಗೆ. ಅರ್ಮಿಜೆರಿಸ್‌ನಲ್ಲೇ ಬ್ರುಗಿಯಾ ಮಲಾಯಿ (ಇನ್ನೊಂದು ಫೈಲೇರಿಯಾ ಹುಳ) ಇಟ್ಟುಕೊಂಡು 1990ರ ದಶಕದಲ್ಲಿ ಈ ತಡವನ್ನು ತೋರಿಸಿದ್ದಾರೆ. ನನ್ನ ಎಣಿಕೆ ಚಿಕ್ಕದು, ಆದರೂ ದಿಕ್ಕು ಅದೇ.

ನನಗೆ ನಿದ್ದೆ ಕೆಡಿಸುವುದು ಬೇರೆ ವಿಷಯ. ಇದೇ ಅರ್ಮಿಜೆರಿಸ್ ಬ್ರುಗಿಯಾ ಮಲಾಯಿಯನ್ನು ಹಿಡಿದು ಕೊಲ್ಲುತ್ತದೆ, ಅದರ ಹತ್ತಿರದ ಬಂಧು ಬ್ರುಗಿಯಾ ಪಹಾಂಗಿಯನ್ನು ಸುಮ್ನೆ ಬೆಳೆಯಲು ಬಿಡುತ್ತದೆ. ಹುಳದ ಮೈಮೇಲೆ ಏನೋ ವ್ಯತ್ಯಾಸ ಇರಲೇಬೇಕು. ಕಲಬುರಗಿ, ರಾಯಚೂರು ಕಡೆ ಆನೆಕಾಲು ಹರಡುವ ಕ್ಯುಲೆಕ್ಸ್ ಕ್ವಿಂಕಿಫ್ಯಾಸಿಯೇಟಸ್ ಸೊಳ್ಳೆ ಕೂಡ ಆ ರೋಗದ ಹುಳ ವುಚೆರೇರಿಯಾ ಬ್ಯಾಂಕ್ರಾಫ್ಟಿಯನ್ನು ಹಾಗೇ ಬೆಳೆಯಲು ಬಿಡುತ್ತದೆ. ಮುಂದಿನ ಚಳಿಗಾಲದಲ್ಲಿ ಕ್ಯುಲೆಕ್ಸ್‌ಗೂ ಇದೇ ಇಮಿಟಿಸ್ ಚುಚ್ಚಿ, ಅರ್ಮಿಜೆರಿಸ್ ಪಕ್ಕದಲ್ಲಿಟ್ಟು ಎಣಿಸುವ ಯೋಚನೆ ಇದೆ, ಕ್ಯಾಪಿಲರಿ ಈಗಲೇ ತರಿಸಿದ್ದೇನೆ. ನಮ್ಮ ಕಡೆ ಯಾರಾದರೂ ರಿಪೆನ್ಸ್ ಹಿಡಿದುಕೊಂಡು ಶುರು ಮಾಡುವುದಾದರೆ ಮೊದಲು ಮಣಿಯಲ್ಲಿ ಕೈ ಪಳಗಿಸಿಕೊಳ್ಳಿ, ಆಮೇಲೆ ಫಿಲ್ಟರಿಗೆ ದುಡ್ಡು ಹಾಕಿ.