ಜರ್ಮನಿಯಲ್ಲಿ ಹಾಲಿನ ಟೀಗೆ ಒಗ್ಗುವ ಪುಡಿ, ಒಗ್ಗುವ ನೀರು

ಜರ್ಮನಿಯ ಸೂಪರ್‌ಮಾರ್ಕೆಟ್‌ನಲ್ಲಿ ಮೊದಲು ಕಣ್ಣಿಗೆ ಬೀಳುವುದು 25 ಬ್ಯಾಗುಗಳ ರಟ್ಟಿನ ಡಬ್ಬ. ಸಾಮಾನ್ಯವಾಗಿ ಒಂದು ಬ್ಯಾಗಿನಲ್ಲಿ 1.75 ಗ್ರಾಂ ಪುಡಿ ಇರುತ್ತದೆ. ಬಿಸಿನೀರಿಗೆ ಅದ್ದಿ ಸಕ್ಕರೆಯೋ ನಿಂಬೆರಸವೋ ಹಾಕಿಕೊಳ್ಳುವವರಿಗೆ ಅಷ್ಟು ಸಾಕು. ಹಾಲು ಬೆರೆಸಿ ಕುದಿಸುವ ನಮ್ಮ ಟೀಗೆ ಎರಡು ಬ್ಯಾಗು ಹಾಕಿದರೂ ನೀರು ನೀರಾಗಿಯೇ ಇರುತ್ತದೆ. ಹಾಗಾಗಿ ಬ್ಯಾಗಿನ ಕಪಾಟನ್ನು ದಾಟಿ, ಬಿಡಿ ಪುಡಿಯ ಕಡೆ ಹೋಗಿ.

ಬೆಲೆ ಹೋಲಿಸುವುದು ಇಲ್ಲಿ ಸುಲಭ. ಕಪಾಟಿನ ಚೀಟಿಯಲ್ಲಿ ಪೊಟ್ಟಣದ ಬೆಲೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಕಿಲೋಗೆ ಎಷ್ಟು ಎಂದು ಬರೆದಿರಲೇಬೇಕು, ಅದು ಕಾನೂನು. ಅದಕ್ಕೆ ಗ್ರುಂಡ್‌ಪ್ರೈಸ್ ಎನ್ನುತ್ತಾರೆ. ದೊಡ್ಡ ಅಕ್ಷರ ಬಿಟ್ಟು ಇದನ್ನೇ ಓದಿ. 25 ಬ್ಯಾಗಿನ ಡಬ್ಬಕ್ಕೆ 2 ಯೂರೋ ಅಂದುಕೊಳ್ಳಿ. ಒಳಗಿರುವುದು 44 ಗ್ರಾಂ, ಅಂದರೆ ಕಿಲೋಗೆ 45 ಯೂರೋ ದಾಟಿತು. ಅರ್ಧ ಕಿಲೋ ಬಿಡಿ ಪುಡಿಗೆ 7 ಯೂರೋ ಆದರೆ ಕಿಲೋಗೆ 14. ಒಂದು ಲೋಟಕ್ಕೆ ಎರಡೂವರೆ ಗ್ರಾಂ ಹಾಕಿದರೆ ಕಿಲೋದಲ್ಲಿ 400 ಲೋಟ, ಅಂದರೆ ಲೋಟಕ್ಕೆ ಮೂರೂವರೆ ಸೆಂಟ್. ಅದೇ ಲೋಟಕ್ಕೆ ಸೇರುವ ಹಾಲಿನ ಖರ್ಚು ಇದಕ್ಕಿಂತ ಜಾಸ್ತಿ. ಪುಡಿಯಲ್ಲಿ ಎರಡು ಯೂರೋ ಉಳಿಸಲು ಹೋಗಿ ರುಚಿ ಕೆಡಿಸಿಕೊಳ್ಳುವುದು ಲಾಭವಲ್ಲ ಎನ್ನುವುದು ಈ ಕಾರಣಕ್ಕೇ.

ಇಲ್ಲಿ ಬಹುಮಂದಿ ಭಾರತೀಯರು ಗಮನಿಸದ ಪೊಟ್ಟಣ ಒಂದಿದೆ: ಓಸ್ಟ್‌ಫ್ರೀಸೆನ್‌ಟೇ. ದೇಶದ ವಾಯವ್ಯ ಮೂಲೆಯ ಕಡಲತೀರದ ಓಸ್ಟ್‌ಫ್ರೀಸ್‌ಲಾಂಡ್‌ನವರು ಕಟ್ಟಾ ಟೀ ಪ್ರಿಯರು. ಅಲ್ಲಿ ತಲೆಗೆ ವರ್ಷಕ್ಕೆ ಸುಮಾರು 300 ಲೀಟರ್ ಎಂಬ ಲೆಕ್ಕವಿದೆ. ಅವರು ಕುಡಿಯುವುದೂ ಗಟ್ಟಿ ಟೀಯನ್ನೇ. ಕಪ್ಪಿನ ತಳದಲ್ಲಿ ಕಲ್ಲುಸಕ್ಕರೆ ಇಟ್ಟು, ಮೇಲೆ ಟೀ ಸುರಿದು, ಒಂದು ಚಮಚ ಕೆನೆ ಬಿಡುತ್ತಾರೆ. ಕೆನೆಯನ್ನು ತಡೆದುಕೊಳ್ಳಬೇಕಾದ ಪುಡಿಯಾದ್ದರಿಂದ ಮಿಶ್ರಣದಲ್ಲಿ ಮುಖ್ಯ ಪಾಲು ಅಸ್ಸಾಮಿನದು. ಲೇರ್ ಊರಿನಲ್ಲಿ 1806ರಿಂದ ಇರುವ ಬ್ಯುಂಟಿಂಗ್, ಎಮ್ಡೆನ್‌ನ ಥೀಲೆ, ನಾರ್ಡೆನ್‌ನ ಓನೋ ಬೇರೆಂಡ್ಸ್ ಹೆಸರಾದ ಮಾರ್ಕುಗಳು. ಪೊಟ್ಟಣದ ಮೇಲೆ ‘ಎಷ್ಟರ್’ ಎಂದಿದ್ದರೆ ಆ ಸೀಮೆಯಲ್ಲೇ ಬೆರೆಸಿದ್ದು ಎಂದರ್ಥ. ‘ಬ್ಲಾಟ್’ ಎಂದಿದ್ದರೆ ಎಲೆ, ‘ಬ್ರೋಕನ್’ ಎಂದಿದ್ದರೆ ಮುರಿದ ಎಲೆ. ಹಾಲಿನ ಟೀಗೆ ಬ್ರೋಕನ್ನೇ ಬೇಕು.

ಓಸ್ಟ್‌ಫ್ರೀಸೆನ್ ಪುಡಿಯಲ್ಲಿ ಘಮ ಚೆನ್ನಾಗಿರುತ್ತದೆ, ಆದರೆ ಅರ್ಧಕ್ಕರ್ಧ ಹಾಲು ಸೇರಿದರೆ ಬಣ್ಣ ಸಾಲದು. ಬಣ್ಣ ಕೊಡುವುದು ಸಿಟಿಸಿ. ಹಲ್ಲಿರುವ ಎರಡು ಉರುಳೆಗಳ ನಡುವೆ ಎಲೆಯನ್ನು ಅರೆದು, ಹರಿದು, ಸುರುಳಿಸಿ ಮಾಡಿದ ಕಾಳು ಅದು. ಎಲೆಯ ಕೋಶಗಳೆಲ್ಲ ಒಡೆದಿರುವುದರಿಂದ ಎರಡೇ ನಿಮಿಷದಲ್ಲಿ ಸಾರ ಪೂರ್ತಿ ಬಿಡುತ್ತದೆ. ಭಾರತೀಯ ಅಂಗಡಿಯ ರೆಡ್ ಲೇಬಲ್, ವಾಘ್ ಬಕ್ರಿ, ಟಾಟಾ ಟೀ, ಪಾಕಿಸ್ತಾನಿ ಅಂಗಡಿಯ ತಪಾಲ್ ದಾನೇದಾರ್ ಎಲ್ಲ ಈ ಜಾತಿಗೆ ಸೇರಿದವು. ಕರ್ನಾಟಕ, ತಮಿಳುನಾಡಿನ ಹೋಟೆಲ್ ಟೀಗೆ ಬಳಸುವ ಡಸ್ಟ್ ಬೇಕಿದ್ದರೆ ಶ್ರೀಲಂಕಾ ತಮಿಳರ ಅಂಗಡಿಗಳಲ್ಲಿ ವಿಚಾರಿಸಿ. ಟರ್ಕಿ ಅಂಗಡಿಯ ಕಿಲೋ ಪೊಟ್ಟಣ ಅಗ್ಗವೇ, ಆದರೆ ರೀಜೆ ಪ್ರದೇಶದ ಆ ಟೀ ಮೆದು. ಸಣ್ಣ ಉರಿಯಲ್ಲಿ ಹದಿನೈದು ನಿಮಿಷ ಇಳಿಸಿ ಹಾಲಿಲ್ಲದೆ ಕುಡಿಯಲು ಮಾಡಿದ್ದು. ಹಾಲು ಹಾಕಿದರೆ ಸಪ್ಪೆ.

ನಾನು ಬಳಸುವ ಬೆರಕೆ ತೂಕದಲ್ಲಿ ಎರಡಕ್ಕೊಂದು: 500 ಗ್ರಾಂ ಓಸ್ಟ್‌ಫ್ರೀಸೆನ್ ಬ್ರೋಕನ್, 250 ಗ್ರಾಂ ಸಿಟಿಸಿ. ಡಸ್ಟ್ ಸೇರಿಸುವುದಾದರೆ 150 ಗ್ರಾಂ ಸಾಕು, ಹೆಚ್ಚಾದರೆ ಒಗರು ಏರುತ್ತದೆ. ಬೆರಕೆಗೆ ಒಂದು ತೊಂದರೆಯಿದೆ. ಕಾಳಿನ ಗಾತ್ರ ಬೇರೆ ಬೇರೆಯಾದ್ದರಿಂದ ಸಣ್ಣದು ತಳಕ್ಕೆ ಇಳಿಯುತ್ತದೆ. ಮೊದಲ ವಾರ ಟೀ ತೆಳು, ಕೊನೆಯ ವಾರ ಕಹಿ. ಡಬ್ಬವನ್ನು ಮುಕ್ಕಾಲು ಮಾತ್ರ ತುಂಬಿಸಿ, ಪ್ರತಿ ಸಲ ಮಗುಚಿ ಆಮೇಲೆ ಚಮಚ ಹಾಕಿದರೆ ಸರಿಯಾಗುತ್ತದೆ.

ಹೊಸ ಪೊಟ್ಟಣವನ್ನು ಹಾಲು ಹಾಕದೆ ಮೊದಲು ಪರೀಕ್ಷಿಸಬೇಕು. ಟೀ ರುಚಿ ನೋಡುವ ಅಂತರರಾಷ್ಟ್ರೀಯ ಕ್ರಮ ಐಎಸ್‌ಒ 3103 ಹೇಳುವುದು 100 ಮಿಲಿ ನೀರಿಗೆ 2 ಗ್ರಾಂ, ಆರು ನಿಮಿಷ. ಅಡುಗೆಮನೆಯ ತಕ್ಕಡಿಯಲ್ಲಿ 3 ಗ್ರಾಂ ತೂಗಿ, ಕುದಿಯುವ 150 ಮಿಲಿ ನೀರು ಸುರಿದು, ಮುಚ್ಚಿಟ್ಟು, ಆರು ನಿಮಿಷಕ್ಕೆ ಬಿಳಿ ಬಟ್ಟಲಿಗೆ ಸೋಸಿ. ಡಿಕಾಕ್ಷನ್‌ಗೆ ಒಂದು ಚಮಚ ಹಾಲು ಬಿಟ್ಟಾಗ ಇಟ್ಟಿಗೆ ಬಣ್ಣದ ಕಡೆಗೆ ಹೊಳೆಯಬೇಕು. ಬೂದು ಕಂದಾದರೆ ಪುಡಿ ಹಳತು, ಇಲ್ಲವೇ ನೀರು ಕೆಟ್ಟದ್ದು. ಸೋಸಿದ ಚರಟವನ್ನು ತಟ್ಟೆಯ ಮೇಲೆ ಹರಡಿ ನೋಡಿ: ಒಳ್ಳೆಯ ಸಿಟಿಸಿಯ ಚರಟ ತಾಮ್ರದ ಬಣ್ಣಕ್ಕಿದ್ದು ಒಂದೇ ಸಮನಾಗಿರುತ್ತದೆ. ಕೆಂಪು ನಾರು, ಕಡ್ಡಿ ಜಾಸ್ತಿ ಕಂಡರೆ ಆ ಪೊಟ್ಟಣ ಮತ್ತೆ ತರಬೇಡಿ.

ಇನ್ನು ನೀರು. ಒಳ್ಳೆಯ ಪುಡಿ ತಂದೂ ಸೋಲುವವರು ಸೋಲುವುದು ಇಲ್ಲೇ. ಗಡಸು ನೀರಿನ ಕ್ಯಾಲ್ಸಿಯಂ ಮತ್ತು ಬೈಕಾರ್ಬೊನೇಟ್ ಟೀಯ ಒಗರಿನಂಶದೊಂದಿಗೆ ಸೇರಿ ಮೇಲೆ ಎಣ್ಣೆಯಂಥ ಕಂದು ಪೊರೆ ಕಟ್ಟುತ್ತವೆ. ಲೋಟದ ಅಂಚಿಗೆ ಅಂಟುವ ಕರೆಯೂ ಅದೇ. ಬಣ್ಣ ಮಂಕು, ರುಚಿ ಚಪ್ಪಟೆ. ಇಲ್ಲಿ ಗಡಸನ್ನು ಜರ್ಮನ್ ಡಿಗ್ರಿಯಲ್ಲಿ ಅಳೆಯುತ್ತಾರೆ: 8.4ರೊಳಗೆ ಮೆದು, 14ರವರೆಗೆ ಮಧ್ಯಮ, ಅದಕ್ಕೂ ಮೇಲೆ ಗಡಸು. ನಿಮ್ಮೂರಿನ ನೀರು ಸರಬರಾಜು ಸಂಸ್ಥೆಯ ಜಾಲತಾಣದಲ್ಲಿ ಬಡಾವಣೆಯ ಅಂಕಿ ಸಿಗುತ್ತದೆ. ಬರ್ಲಿನ್, ಮ್ಯೂನಿಕ್‌ಗಳ ನೀರು ಗಡಸು. ಕೆಟಲಿನ ತಳದಲ್ಲಿ ಬಿಳಿ ಸುಣ್ಣದ ಪದರ ಕಂಡರೆ ಅಂಕಿ ನೋಡುವ ಅಗತ್ಯವೂ ಇಲ್ಲ.

ತಪ್ಪು ಪುಡಿಯದೋ ನೀರಿನದೋ ಎಂದು ತಿಳಿಯಲು ಒಂದು ಬಾಟಲಿ ವೋಲ್ವಿಕ್ ನೀರು ತನ್ನಿ. ಅದರಲ್ಲಿ ಕ್ಯಾಲ್ಸಿಯಂ ಲೀಟರಿಗೆ 12 ಮಿಲಿಗ್ರಾಂ ಮಾತ್ರ. ಅದೇ ಪುಡಿ, ಅದೇ ತೂಕ. ಒಂದು ಬಟ್ಟಲು ನಲ್ಲಿ ನೀರಿನದು, ಇನ್ನೊಂದು ಬಾಟಲಿಯದು. ಎರಡನ್ನೂ ಕಿಟಕಿಯ ಬೆಳಕಿನಲ್ಲಿ ಪಕ್ಕಪಕ್ಕ ಇಟ್ಟಾಗ ಒಂದರ ಮೇಲೆ ಪೊರೆ ಒಡೆದ ಗಾಜಿನಂತೆ ಬಿರುಕು ಬಿಟ್ಟಿರುತ್ತದೆ, ಇನ್ನೊಂದು ತಿಳಿಯಾಗಿ ಕೆಂಪಗೆ ಹೊಳೆಯುತ್ತದೆ. ವ್ಯತ್ಯಾಸ ಕಂಡರೆ ದಿನಾ ಬಾಟಲಿ ಕೊಳ್ಳಬೇಕೆಂದಿಲ್ಲ, ಜಗ್ಗಿನ ಫಿಲ್ಟರ್ ಸಾಕು. ಅದರ ಕಾರ್ಟ್ರಿಜ್ ಅನ್ನು ನಾಲ್ಕು ವಾರಕ್ಕೆ ಬದಲಿಸಬೇಕು. ಬಹಳ ಗಡಸಿದ್ದರೆ ಇನ್ನೂ ಮುಂಚೆ. ಪೊರೆ ಮತ್ತೆ ಕಾಣಿಸಿಕೊಂಡ ದಿನವೇ ಬದಲಿಸುವ ದಿನ. ಫಿಲ್ಟರ್ ಇಲ್ಲದವರು ನೀರನ್ನು ಐದಾರು ನಿಮಿಷ ಕುದಿಸಿ, ಆರಿಸಿ, ತಳದ ಸುಣ್ಣ ಅಲುಗದಂತೆ ಮೇಲಿನ ನೀರು ಬಗ್ಗಿಸಿಕೊಳ್ಳಬಹುದು.

ಹಾಲು 3.5 ಪರ್ಸೆಂಟ್ ಕೊಬ್ಬಿನದೇ ಇರಲಿ. 1.5ರದ್ದು ಟೀಯನ್ನು ತೆಳುವಾಗಿಸುತ್ತದೆ. ‘ಹಾ-ಮಿಲ್ಷ್’ ಎಂಬ ದೀರ್ಘಕಾಲ ಉಳಿಯುವ ಹಾಲಿಗೆ ಆಗಲೇ ಬೆಂದ ವಾಸನೆ ಇರುತ್ತದೆ, ಕುದಿಸಿದಷ್ಟೂ ಜಾಸ್ತಿಯಾಗುತ್ತದೆ. ಫ್ರಿಜ್ಜಿನ ಸಾಲಿನ ಫ್ರಿಶ್‌ಮಿಲ್ಷ್ ತೆಗೆದುಕೊಳ್ಳಿ.

ಎರಡು ಲೋಟಕ್ಕೆ 220 ಮಿಲಿ ನೀರು, 5 ಗ್ರಾಂ ಬೆರಕೆ, 150 ಮಿಲಿ ಹಾಲು. ಶುಂಠಿ ಹಾಕುವುದಾದರೆ ಜಜ್ಜಿ ಬರೀ ನೀರಿನಲ್ಲಿ ಮೊದಲು ಎರಡು ನಿಮಿಷ ಕುದಿಸಿ. ಹಸಿ ಶುಂಠಿಯಲ್ಲಿ ಹಾಲಿನ ಪ್ರೋಟೀನನ್ನು ಕಡಿಯುವ ಕಿಣ್ವವಿದೆ. ಕುದಿಸಿದರೆ ಅದು ಸಾಯುತ್ತದೆ, ಹಾಲು ಒಡೆಯುವುದಿಲ್ಲ. ಆಮೇಲೆ ಪುಡಿ ಹಾಕಿ ಸಣ್ಣ ಉರಿಯಲ್ಲಿ ಎರಡು ನಿಮಿಷ, ಹಾಲು ಹಾಕಿ ಎರಡು ಸಲ ಉಕ್ಕಿ ಬರುವವರೆಗೆ. ಇಂಡಕ್ಷನ್ ಒಲೆಯಲ್ಲಿ ಹಾಲು ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಉಕ್ಕುತ್ತದೆ, ಎರಡು ಲೋಟಕ್ಕೂ ಒಂದು ಲೀಟರಿನ ಪಾತ್ರೆಯೇ ಇರಲಿ. ಕಡಕ್ ಆಗಲಿಲ್ಲವೆಂದು ಹತ್ತು ನಿಮಿಷ ಕುದಿಸಬೇಡಿ. ಸಾರ ಆಗಲೇ ಬಿಟ್ಟಿರುತ್ತದೆ, ಮುಂದೆ ಬರುವುದು ಬರೀ ಒಗರು. ಅರ್ಧ ಗ್ರಾಂ ಪುಡಿ ಹೆಚ್ಚಿಸಿ.

ಹಾಲಿಲ್ಲದೆ ಕುಡಿಯುವವರಿಗೆ ಬೇರೆ ದಾರಿ ಇದೆ. ಬರ್ಲಿನ್ನಿನಲ್ಲಿ 1985ರಲ್ಲಿ ಪ್ರೊಫೆಸರ್ ಗ್ಯುಂಟರ್ ಫಾಲ್ಟಿನ್ ಶುರುಮಾಡಿದ ಟೇಕಂಪಾನ್ಯೆ ದಾರ್ಜಿಲಿಂಗ್ ಟೀಯನ್ನು ನೇರವಾಗಿ ತರಿಸಿ ದೊಡ್ಡ ಪೊಟ್ಟಣಗಳಲ್ಲಿ ಮಾರುತ್ತದೆ. ನಡುವಿನ ಕೈ, ಸಣ್ಣ ಪ್ಯಾಕಿಂಗ್‌ನ ಖರ್ಚು ಉಳಿಯುವುದರಿಂದ ಆ ಗುಣಕ್ಕೆ ಬೆಲೆ ಕಡಿಮೆ. ಅದನ್ನು ದಯವಿಟ್ಟು ಹಾಲಿನಲ್ಲಿ ಕುದಿಸಬೇಡಿ.

ಊರಿನಿಂದ ತರುವವರು ಪುಡಿಯನ್ನು ಧಾರಾಳವಾಗಿ ತರಬಹುದು, ಚಿಕ್ಕಮಗಳೂರು ಕಡೆಯ ಕೆಳಗೂರು ಟೀಯನ್ನೂ. ಹಾಲಿನ ಪುಡಿ ಬೆರೆತ ಪ್ರೀಮಿಕ್ಸ್ ಮಾತ್ರ ಬೇಡ: ಐರೋಪ್ಯ ಒಕ್ಕೂಟದ ಹೊರಗಿನಿಂದ ಪ್ರಯಾಣಿಕರು ಹಾಲಿನ ಪದಾರ್ಥ ತರುವಂತಿಲ್ಲ, ಕಸ್ಟಮ್ಸ್‌ನವರು ಕಿತ್ತುಕೊಳ್ಳುತ್ತಾರೆ. ಸೂಟ್‌ಕೇಸಿನಲ್ಲಿ ಸಾರಿನ ಪುಡಿ, ಇಂಗಿನ ಜೊತೆ ಟೀ ಪುಡಿ ಇಡಬೇಡಿ. ಟೀ ಪುಡಿ ಅಕ್ಕಪಕ್ಕದ ವಾಸನೆಯನ್ನೆಲ್ಲ ಹೀರುತ್ತದೆ. ಅಂಗಡಿಯಲ್ಲೂ ಊದುಬತ್ತಿಯ ಕಟ್ಟಿನ ಪಕ್ಕ ತಿಂಗಳುಗಟ್ಟಲೆ ಕೂತ ಪೊಟ್ಟಣಕ್ಕೆ ಆ ಘಾಟು ಹತ್ತಿರುತ್ತದೆ, ರಟ್ಟನ್ನು ಮೂಗಿಗೆ ಹಿಡಿದರೇ ಗೊತ್ತಾಗುತ್ತದೆ. ಹಿಂದಿನ ಸಾಲಿನಿಂದ, ಪ್ಯಾಕ್ ಮಾಡಿದ ತಿಂಗಳು ನೋಡಿ ತೆಗೆದುಕೊಳ್ಳಿ.