ಆಸ್ಪತ್ರೆಯಲ್ಲಿ ನಮ್ಮವರ ಪಕ್ಕ ಕೂತಾಗ ಏನೇನು ನೋಡಿಕೊಳ್ಳಬೇಕು?

ವಾರ್ಡ್‌ನಲ್ಲಿ ಮಲಗಿರುವ ಒಬ್ಬ ರೋಗಿಯ ಹತ್ತಿರ ಒಂದೇ ದಿನದಲ್ಲಿ ಎಷ್ಟು ಜನ ಬಂದು ಹೋಗುತ್ತಾರೆ ನೋಡಿ. ಮೂರು ಪಾಳಿಯ ನರ್ಸ್‌ಗಳು, ಡ್ಯೂಟಿ ಡಾಕ್ಟರ್, ರೌಂಡ್ಸ್‌ಗೆ ಬರುವ ದೊಡ್ಡ ಡಾಕ್ಟರ್, ರಕ್ತ ತೆಗೆಯುವವರು, ಸ್ಕ್ಯಾನಿಂಗ್‌ಗೆ ಕರೆದುಕೊಂಡು ಹೋಗುವವರು. ಒಬ್ಬರಿಂದ ಇನ್ನೊಬ್ಬರಿಗೆ ವಿಷಯ ದಾಟುವಾಗಲೇ ಎಷ್ಟೋ ಸಲ ಏನಾದರೂ ಬಿಟ್ಟುಹೋಗುತ್ತದೆ. ಚಿಕಿತ್ಸೆಯಿಂದಲೇ ತೊಂದರೆಗೆ ಒಳಗಾಗುವವರು ಸುಮಾರು 10 ರೋಗಿಗಳಲ್ಲಿ ಒಬ್ಬರು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ತಪ್ಪಿಸಬಹುದಾದವು. ಪಾಳಿ ಬದಲಾದರೂ ಹಾಸಿಗೆ ಪಕ್ಕ ಕೂತವರು ಬದಲಾಗುವುದಿಲ್ಲ. ಅದಕ್ಕೇ ನಿಮ್ಮ ಕಣ್ಣು ಅಲ್ಲಿ ತುಂಬಾ ಮುಖ್ಯ.

ಮೊದಲು ಒಂದು ಹಾಳೆ ಬರೆದಿಡಿ

ರೋಗಿ ಈಗಾಗಲೇ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಹೆಸರು, ಎಷ್ಟು ಮಿಲಿಗ್ರಾಂ, ಯಾವ ಹೊತ್ತಿಗೆ ಎಂದು ಬರೆಯಿರಿ. ಗಿಡಮೂಲಿಕೆ ಔಷಧಿ ಇದ್ದರೆ ಅದನ್ನೂ ಸೇರಿಸಿ. ಅಲರ್ಜಿ ಮತ್ತು ರಕ್ತ ತೆಳುವಾಗಿಸುವ ಮಾತ್ರೆ, ಇವೆರಡು ಹಾಳೆಯ ಮೇಲ್ತುದಿಯಲ್ಲಿ ದೊಡ್ಡ ಅಕ್ಷರದಲ್ಲಿರಲಿ. ಮಾತ್ರೆ ಸ್ಟ್ರಿಪ್‌ಗಳ ಫೋಟೋ ಮೊಬೈಲ್‌ನಲ್ಲಿದ್ದರೆ ಇನ್ನೂ ಒಳ್ಳೆಯದು.

ಔಷಧಿ ಕೊಡುವ ಮುಂಚೆ ಹೆಸರು

‘ಇವರ ಹೆಸರು ಇದೇ ಅಲ್ವಾ?’ ಎಂದು ಕೇಳಿದಾಗ ಸುಮ್ನೆ ‘ಹೂಂ’ ಅನ್ನಬೇಡಿ. ಪೂರ್ತಿ ಹೆಸರು ಮತ್ತು ಹುಟ್ಟಿದ ದಿನಾಂಕವನ್ನು ನೀವೇ ಹೇಳಿ. ಅದು ಕೈಗೆ ಕಟ್ಟಿದ ಪಟ್ಟಿಗೂ ಕೇಸ್ ಶೀಟಿಗೂ ಹೊಂದಬೇಕು. ಬೆಡ್ ನಂಬರ್ ನೆಚ್ಚಿಕೊಳ್ಳುವ ಹಾಗಿಲ್ಲ, ಬೆಡ್ ಬದಲಾಗುತ್ತಲೇ ಇರುತ್ತದೆ. ರಕ್ತ ಏರಿಸುವಾಗಂತೂ ಈ ತಾಳೆ ನೋಡುವುದು ಬಿಟ್ಟುಹೋಗಲೇಬಾರದು. ಹೊಂದದ ಗುಂಪಿನ ರಕ್ತ ಹೋದರೆ ಜೀವಕ್ಕೇ ಅಪಾಯ.

ಹೊಸ ಮಾತ್ರೆ ಅಥವಾ ಇಂಜೆಕ್ಷನ್ ಕಂಡರೆ ‘ಇದು ಯಾವುದಕ್ಕೆ?’ ಎಂದು ಕೇಳಿ. ಆದರೆ ನರ್ಸ್ ಸಿರಿಂಜ್‌ಗೆ ಔಷಧಿ ತುಂಬುತ್ತಿರುವಾಗ ಮಾತಾಡಿಸಬೇಡಿ. ಅಳತೆ ತಪ್ಪುವುದಕ್ಕೆ ಆ ಹೊತ್ತಿನ ಒಂದು ಅಡ್ಡಿ ಸಾಕು. ತುಂಬಿ ಮುಗಿದ ಮೇಲೆ ಕೇಳಿ.

ಕೈ ತೊಳೆದರಾ?

1847ರಲ್ಲಿ ವಿಯೆನ್ನಾದ ಆಸ್ಪತ್ರೆಯೊಂದರಲ್ಲಿ ಇಗ್ನಾಜ್ ಸೆಮ್ಮೆಲ್‌ವೈಸ್ ಎಂಬ ವೈದ್ಯರು ಹೆರಿಗೆ ವಾರ್ಡಿಗೆ ಬರುವ ವೈದ್ಯರೆಲ್ಲ ಕ್ಲೋರಿನ್ ಇರುವ ನೀರಲ್ಲಿ ಕೈ ತೊಳೆಯಬೇಕೆಂದು ಕಟ್ಟುನಿಟ್ಟು ಮಾಡಿದರು. ಏಪ್ರಿಲ್‌ನಲ್ಲಿ 100 ಬಾಣಂತಿಯರಲ್ಲಿ ಸುಮಾರು 18 ಮಂದಿ ಸಾಯುತ್ತಿದ್ದರು. ಜೂನ್ ಹೊತ್ತಿಗೆ ಅದು ಸುಮಾರು 2ಕ್ಕೆ ಇಳಿಯಿತು. ಇವತ್ತಿಗೂ ಇದಕ್ಕಿಂತ ಅಗ್ಗದ, ಇದಕ್ಕಿಂತ ಗಟ್ಟಿಯಾದ ಉಪಾಯ ಇನ್ನೊಂದಿಲ್ಲ ಅನ್ನುತ್ತೇನೆ.

ಸ್ಯಾನಿಟೈಸರ್ ಆದರೆ 20ರಿಂದ 30 ಸೆಕೆಂಡು ಉಜ್ಜಬೇಕು. ಸೋಪು, ನೀರು ಆದರೆ ಒಟ್ಟು 40ರಿಂದ 60 ಸೆಕೆಂಡು ಬೇಕು. ರೋಗಿಗೆ ಭೇದಿ ಇದ್ದರೆ ಸೋಪೇ ಆಗಬೇಕು, ಏಕೆಂದರೆ ಭೇದಿ ತರುವ ಕೆಲವು ರೋಗಾಣುಗಳು ಸ್ಯಾನಿಟೈಸರ್‌ಗೆ ಸಾಯುವುದಿಲ್ಲ. ಗ್ಲೌಸ್ ಹಾಕಿಕೊಂಡರೂ ಕೈ ತೊಳೆಯುವುದು ತಪ್ಪುವುದಿಲ್ಲ. ‘ಸಿಸ್ಟರ್, ಕೈ ತೊಳ್ಕೊಂಡ್ರಾ?’ ಎಂದು ಮೆಲ್ಲಗೆ ಕೇಳಿದರೆ ಯಾರೂ ತಪ್ಪು ತಿಳಿಯಬಾರದು. ನೋಡಲು ಬರುವ ನೆಂಟರಿಗೂ ಇದೇ ಮಾತು ಹೇಳಿ.

ಪ್ರತಿ ಕೊಳವೆಗೂ ದಿನಕ್ಕೊಂದು ಪ್ರಶ್ನೆ

ಡ್ರಿಪ್ಪಿನ ಸೂಜಿ, ಮೂತ್ರದ ಕೊಳವೆ, ಕುತ್ತಿಗೆಯ ರಕ್ತನಾಳಕ್ಕೆ ಹಾಕಿದ ಕೊಳವೆ (ಲೈನ್), ಇವೆಲ್ಲ ರೋಗಾಣುವಿಗೆ ತೆರೆದ ಬಾಗಿಲು. ಡ್ರಿಪ್ ಹಾಕಿರುವ ಜಾಗವನ್ನು ಪ್ರತಿ ಪಾಳಿಯಲ್ಲೂ ಒಮ್ಮೆ ನೋಡಿ. ಪಾರದರ್ಶಕ ಪ್ಲಾಸ್ಟರ್ ಕೆಳಗೆ ಚರ್ಮ ಕೆಂಪಗಾಗಿದೆಯಾ? ಮುಟ್ಟಿದರೆ ಬಿಸಿಯೇ? ಸುತ್ತ ಊದಿಕೊಂಡು ಬಿಗಿಯಾಗಿದೆಯಾ? ಪ್ಲಾಸ್ಟರ್ ಅಂಚು ಒದ್ದೆಯಾಗಿ ಎದ್ದಿದೆಯಾ? ‘ಉರೀತಿದೆ’ ಎಂದು ರೋಗಿ ಹೇಳಿದರೆ ಬೆಳಗಿನ ರೌಂಡ್ಸ್‌ವರೆಗೆ ಕಾಯಬೇಡಿ.

ಮೂತ್ರದ ಚೀಲ ಯಾವಾಗಲೂ ಹೊಟ್ಟೆಯ ಮಟ್ಟಕ್ಕಿಂತ ಕೆಳಗಿರಬೇಕು, ಆದರೆ ನೆಲಕ್ಕೆ ತಾಗಬಾರದು. ಸ್ಟ್ರೆಚರ್ ಮೇಲೆ ಸಾಗಿಸುವಾಗ ಚೀಲವನ್ನು ರೋಗಿಯ ಹೊಟ್ಟೆ ಮೇಲೆ ಇಟ್ಟುಬಿಡುವುದುಂಟು. ಆಗ ಮೂತ್ರ ವಾಪಸ್ ಒಳಗೆ ಹರಿಯುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ರೌಂಡ್ಸ್ ಹೊತ್ತಿನಲ್ಲಿ ಕೇಳುವ ಒಂದು ಪ್ರಶ್ನೆ: ‘ಡಾಕ್ಟ್ರೇ, ಇದು ಇವತ್ತೂ ಬೇಕಾ?’ ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ನೂರಕ್ಕೂ ಹೆಚ್ಚು ಐಸಿಯುಗಳು ದೊಡ್ಡ ರಕ್ತನಾಳದ ಲೈನ್‌ಗಳಿಗಾಗಿ ಐದು ಅಂಶಗಳ ಚಿಕ್ಕ ಪಟ್ಟಿಯೊಂದನ್ನು ಪಾಲಿಸಿದವು. ಬೇಡವಾದ ಲೈನ್ ತೆಗೆದುಬಿಡುವುದು ಆ ಐದರಲ್ಲಿ ಒಂದು. 2006ರಲ್ಲಿ ಪ್ರಕಟವಾದ ವರದಿಯ ಪ್ರಕಾರ, 18 ತಿಂಗಳಲ್ಲಿ ಸೋಂಕು ಶೇ 66ರಷ್ಟು ಕಡಿಮೆಯಾಗಿತ್ತು.

ಬೀಳದ ಹಾಗೆ, ಹುಣ್ಣಾಗದ ಹಾಗೆ

ಮಂಚ ತಗ್ಗಿಸಿರಲಿ, ಕರೆಗಂಟೆ ಕೈಗೆ ಸಿಗುವಂತಿರಲಿ. ರಾತ್ರಿ ಬಾತ್‌ರೂಮಿಗೆ ಏಳುವಾಗ ಬೀಳುವವರು ಬಹಳ. ಎದ್ದ ಕೂಡಲೇ ನಡೆಸಬೇಡಿ. ಮಂಚದ ಅಂಚಿಗೆ ಸ್ವಲ್ಪ ಹೊತ್ತು ಕೂರಿಸಿ, ತಲೆ ಸುತ್ತಿಲ್ಲ ಎಂದಾದ ಮೇಲೆ ನಿಲ್ಲಿಸಿ. ತಾವಾಗಿ ಹೊರಳಲಾಗದವರ ಮಗ್ಗುಲನ್ನು ಸುಮಾರು ಎರಡು ಗಂಟೆಗೊಮ್ಮೆ ಬದಲಿಸಬೇಕು. ಹೇಗೆ ಹೊರಳಿಸಬೇಕೆಂದು ನರ್ಸ್‌ನಿಂದ ಕಲಿತುಕೊಳ್ಳಿ. ಸೊಂಟದ ಹಿಂಭಾಗ ಮತ್ತು ಹಿಮ್ಮಡಿಯನ್ನು ದಿನವೂ ನೋಡಿ. ಒತ್ತಿದರೂ ಮಾಸದ ಕೆಂಪು ಕಂಡರೆ ಹುಣ್ಣು ಶುರುವಾಗುತ್ತಿದೆ ಎಂದರ್ಥ.

‘ಯಾಕೋ ಸರಿ ಇಲ್ಲ’ ಅನ್ನಿಸಿದರೆ

ರೋಗಿ ಹದಗೆಡುವ ಮುನ್ನ ಸಾಮಾನ್ಯವಾಗಿ ಕೆಲವು ಗಂಟೆ ಮೊದಲೇ ಸುಳಿವು ಸಿಗುತ್ತದೆ. ಉಸಿರಾಟವನ್ನು ಪೂರ್ತಿ ಒಂದು ನಿಮಿಷ ಎಣಿಸಿ. ಸುಮ್ಮನೆ ಮಲಗಿರುವ ದೊಡ್ಡವರಲ್ಲಿ ಅದು 12ರಿಂದ 20ರ ಒಳಗಿರುತ್ತದೆ. 25 ದಾಟಿದರೆ ತಕ್ಷಣ ಕರೆಯಿರಿ. ನೆನ್ನೆ ಸರಿಯಾಗಿ ಮಾತಾಡುತ್ತಿದ್ದವರು ಇವತ್ತು ಗೊಂದಲದಲ್ಲಿದ್ದರೆ, ಮೂತ್ರ ಕಡಿಮೆಯಾಗಿದ್ದರೆ, ಮೈ ತಣ್ಣಗೆ ಬೆವರುತ್ತಿದ್ದರೆ ಆಗಲೂ ಅಷ್ಟೇ.

ಕರೆದಾಗ ಗಾಬರಿಯಲ್ಲಿ ಎಲ್ಲ ಒಟ್ಟಿಗೆ ಹೇಳಬೇಡಿ. ಈಗ ಏನಾಗಿದೆ, ಮೊದಲು ಹೇಗಿದ್ದರು, ನಿಮಗೇನು ಭಯ, ಏನು ಆಗಬೇಕು ಎಂಬ ಕ್ರಮದಲ್ಲಿ ಹೇಳಿ. ‘ಉಸಿರು ನಿಮಿಷಕ್ಕೆ 28 ಇದೆ. ಬೆಳಗ್ಗೆ 18 ಇತ್ತು. ಸೋಂಕು ಜಾಸ್ತಿಯಾಗಿದೆಯೇನೋ ಅಂತ ಭಯ. ಡಾಕ್ಟರ್ ಈಗಲೇ ಬಂದು ನೋಡಬೇಕು.’ ಇಷ್ಟು ಸಾಕು. ಯಾರೂ ಬರದಿದ್ದರೆ ಮೇಲಿನವರನ್ನು ಕೇಳಿ. ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ 2024ರಿಂದ ಜಾರಿಗೆ ಬರುತ್ತಿರುವ ‘ಮಾರ್ಥಾ ನಿಯಮ’ದ ಪ್ರಕಾರ, ಮನೆಯವರೇ ಬೇರೊಂದು ತಂಡವನ್ನು ತುರ್ತಾಗಿ ಕರೆಸಿ ರೋಗಿಯನ್ನು ಮತ್ತೊಮ್ಮೆ ನೋಡಿಸಬಹುದು. ಇಂಥ ಹಕ್ಕು ಎಲ್ಲ ಕಡೆ ಇರಲೇಬೇಕು.

ಹೊರಡುವ ದಿನ

ಮನೆಗೆ ಹೋಗುವ ಅವಸರದಲ್ಲಿ ಡಿಸ್ಚಾರ್ಜ್ ಸಮ್ಮರಿಯನ್ನು ಮಡಚಿ ಚೀಲಕ್ಕೆ ಹಾಕಿಬಿಡುವುದೇ ಹೆಚ್ಚು. ಮೊದಲ ದಿನ ಬರೆದ ಹಾಳೆಯನ್ನು ಅದರ ಪಕ್ಕ ಇಟ್ಟು ಓದಿ. ಹಳೆಯ ಯಾವ ಮಾತ್ರೆ ಮುಂದುವರಿಯಬೇಕು, ಯಾವುದು ನಿಲ್ಲಬೇಕು? ಒಂದೇ ಔಷಧಿ ಎರಡು ಕಂಪನಿ ಹೆಸರಲ್ಲಿದ್ದು, ಎರಡನ್ನೂ ನುಂಗುವ ಅಪಾಯ ಇಲ್ಲಿಯೇ ಇರುವುದು. ನಿಮಗೆ ಅರ್ಥವಾದದ್ದನ್ನು ನಿಮ್ಮ ಮಾತಲ್ಲೇ ಡಾಕ್ಟರಿಗೆ ತಿರುಗಿ ಹೇಳಿ, ತಪ್ಪಿದ್ದರೆ ಅವರು ತಿದ್ದುತ್ತಾರೆ. ಇನ್ನೂ ಬರಬೇಕಾದ ಟೆಸ್ಟ್ ರಿಪೋರ್ಟ್ ಯಾವುದು, ಯಾವ ತೊಂದರೆ ಕಂಡರೆ ವಾಪಸ್ ಬರಬೇಕು, ರಾತ್ರಿ ಯಾವ ನಂಬರಿಗೆ ಫೋನ್ ಮಾಡಬೇಕು ಎಂಬುದನ್ನು ಬರೆಸಿಕೊಂಡೇ ಹೊರಡಿ.